ತೇಲಿದ ಹನಿ

"ಇದನ್ನ ಯಾವಾಗ ಹಚ್ಚಿದ್ದು ಸಾರ್?"

ಗಡಿಯಾರ ಸಾರ್ ಸೂಕ್ಷ್ಮದರ್ಶಕದಿಂದ ತಲೆ ಎತ್ತಲಿಲ್ಲ. "ಯಾವುದನ್ನ?"

"ನಿಮ್ಮ ಕಣ್ಣ ಕೆಳಗಿರೋ ಗಾಜಿನ ಪಟ್ಟಿನ."

"ಬೆಳಿಗ್ಗೆ."

"ಬೆಳಿಗ್ಗೆ ಅಂದ್ರೆ ಎಷ್ಟು ಗಂಟೆಗೆ?"

"ಏನಮ್ಮ ಇದು, ಪೊಲೀಸರ ಥರ? ಎಂಟಕ್ಕೆ ಬಂದೆ. ಎಂಟೂವರೆಗೆಲ್ಲ ಇಪ್ಪತ್ತು ಪಟ್ಟಿಗೆ ಮಲ ಹಚ್ಚಿ ಸಾಲಾಗಿ ಇಟ್ಟೆ. ಈಗ ಒಂದೊಂದೇ ನೋಡ್ತಾ ಇದ್ದೀನಿ."

ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು ಆಗಿತ್ತು.

ಸಾರ್ ಪೆನ್ನು ತೆಗೆದರು. ನರ್ಸರಿಯಲ್ಲಿ ಕಸಿ ಕಟ್ಟುವ ಹುಡುಗಿಯೊಬ್ಬಳ ಹೆಸರಿನ ಮುಂದೆ ಬರೆದರು: ಹುಳು, ಮೊಟ್ಟೆ ಏನೂ ಕಾಣಲಿಲ್ಲ. ಕೆಳಗೆ ಸಹಿ, ಸಹಿಯ ಪಕ್ಕ ಗಂಟೆ, ನಿಮಿಷ. ಅದು ಅವರ ರೂಢಿ. ಸಹಿ ಮಾಡಿದ ನಿಮಿಷವನ್ನು ಬರೆಯದೆ ಅವರು ಯಾವ ಕಾಗದವನ್ನೂ ಕೈಬಿಟ್ಟವರಲ್ಲ. ಅವರಿಗೆ ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಹತ್ತರ ಚಹಾ ಹತ್ತೂ ಐದಕ್ಕೆ ಬಂದರೆ ಲೋಟ ಹಾಗೇ ವಾಪಸು ಕಳಿಸುವ ಮನುಷ್ಯ.

ಆ ಹುಡುಗಿಗೆ ಇದು ಮೂರನೆಯ ವರದಿ. ಮೂರರಲ್ಲೂ ಅದೇ ಸಾಲು. ನಾಲ್ಕು ತಿಂಗಳಿಂದ ಬಿಳಿಚಿಕೊಳ್ಳುತ್ತಲೇ ಹೋದ ಈ ಏಳು ತಿಂಗಳ ಬಸುರಿಗೆ ಅವಳ ಅತ್ತೆಯೇ ವಿಷ ಹಾಕುತ್ತಿದ್ದಾಳೆಂದು ಅವಳ ಹತ್ತಿರ ಸಿಕ್ಕ ಒಂದು ಪೊಟ್ಟಣ ತೋರಿಸಿ ಅವಳ ಅಣ್ಣ ನಿನ್ನೆ ದೂರು ಕೊಟ್ಟಿದ್ದ. ಇವತ್ತು ನಾಲ್ಕು ಗಂಟೆಗೆ ಅತ್ತೆಯನ್ನು ಕರೆದೊಯ್ಯಲು ಪೊಲೀಸರು ಬರುವವರಿದ್ದರು.

ನಾನು ಪತ್ತೇದಾರಳಲ್ಲ. ಈ ಆಸ್ಪತ್ರೆಯ ರಕ್ತ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಜನರ ಬೆರಳು ಚುಚ್ಚುತ್ತ ಬಂದವಳು. ಎಲ್ಲರ ಬಾಯಲ್ಲೂ ನಾನು ಸೂಜಿ ಅಕ್ಕ. ಆದರೆ ಒಬ್ಬಳ ಮೈಯಿಂದ ರಕ್ತ ಕಳುವಾಗುತ್ತಿದ್ದರೆ ಅದು ನನ್ನ ಇಲಾಖೆಯ ಕಳವು. ಅದನ್ನು ಹಿಡಿಯದೆ ಮನೆಗೆ ಹೋಗುವುದಿಲ್ಲವೆಂದು ಬೆಳಿಗ್ಗೆಯೇ ತೀರ್ಮಾನಿಸಿದ್ದೆ.

ತೀರ್ಮಾನಕ್ಕೆ ಕಾರಣ ಆ ಹುಡುಗಿಯ ಮಲದ ಡಬ್ಬಿ. ಮುಚ್ಚಳ ತೆಗೆದು ನೋಡಿದ್ದೆ. ಕಪ್ಪಗಿತ್ತು. ಕಬ್ಬಿಣದ ಮಾತ್ರೆ ನುಂಗುವವರದ್ದು ಹಾಗೆಯೇ ಇರುತ್ತದೆ. ಅಂದರೆ "ಅತ್ತೆ ಮಾತ್ರೆ ಬಚ್ಚಿಡ್ತಾಳೆ" ಎಂದು ಅಣ್ಣ ಹೇಳಿದ್ದು ಸುಳ್ಳು. ಮಾತ್ರೆ ದಿನಾ ಹೊಟ್ಟೆಗೆ ಹೋಗುತ್ತಿದೆ, ರಕ್ತ ಮಾತ್ರ ಏರುತ್ತಿಲ್ಲ. ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಹಾಗಾದರೆ ತೂತು ಎಲ್ಲಿ? ಕರುಳಲ್ಲಿ ಕಚ್ಚಿಕೊಂಡು ರಕ್ತ ಹೀರುವ ಕೊಕ್ಕೆಹುಳದ ಮೇಲೆ ನನಗೆ ಅನುಮಾನ.

"ಸಾರ್, ಪಟ್ಟಿ ಮೇಲೆ ಹೊದಿಸೋ ಗ್ಲಿಸರಿನ್ ಹಾಳೆ ಕೆಳಗೆ ಕೊಕ್ಕೆಹುಳದ ಮೊಟ್ಟೆ ಎಷ್ಟು ಹೊತ್ತು ಉಳಿಯುತ್ತೆ?"

ಅವರ ಪೆನ್ನು ನಿಂತಿತು.

"ಬೇರೆ ಹುಳದ ಮೊಟ್ಟೆ ದಿನಗಟ್ಟಲೆ ಇರುತ್ತೆ," ಎಂದೆ. "ಕೊಕ್ಕೆಹುಳದ್ದು ಚಿಪ್ಪು ತೆಳು. ಒಂದು ಗಂಟೆ ಬಿಟ್ಟರೆ ಕರಗಿ ಮಾಯ. ಪಟ್ಟಿ ಹಚ್ಚಿದ ಮೇಲೆ ಚಹಾಕ್ಕೂ ಏಳಬಾರದು ಅಂತ ನನಗೆ ಹೇಳಿಕೊಟ್ಟವರು ಯಾರು? ನೀವೇ ಅಲ್ವಾ?"

ಸಾರ್ ಕನ್ನಡಕ ತೆಗೆದು ಒರೆಸಿದರು. ಒರೆಸಿದ ಗಾಜನ್ನೇ ಮತ್ತೆ ಒರೆಸಿದರು.

"ವಯಸ್ಸಾಯ್ತಮ್ಮ. ಮರೆತೆ."

ನನಗೆ ಪಾಪ ಅನಿಸಿತು. ಆ ಪಾಪ ಅನಿಸಿಕೆಯೇ ನನ್ನ ಕಣ್ಣಿಗೆ ಕಟ್ಟಿದ ಬಟ್ಟೆಯಾಯಿತು ಎಂಬುದು ಸಂಜೆಯವರೆಗೆ ನನಗೆ ಗೊತ್ತಾಗಲಿಲ್ಲ.

ಅವರ ಕಪಾಟಿನಲ್ಲಿ ಕೆಂಪು ದಾರ ಕಟ್ಟಿದ ಒಂದು ಕಟ್ಟು ಕಾಣಿಸಿತು. ಹೊಸ ಮೈದಾನದ ಪಕ್ಕದ ಶಾಲೆಯ ಅರವತ್ತು ಮಕ್ಕಳ ವರದಿ. ಹೋದ ತಿಂಗಳು ನಾನೇ ಆ ಮಕ್ಕಳ ಬೆರಳು ಚುಚ್ಚಿದ್ದೆ. ಮುಕ್ಕಾಲು ಪಾಲು ಮಕ್ಕಳಿಗೆ ರಕ್ತ ಕಡಿಮೆ. ಸಾರ್ ಅರವತ್ತಕ್ಕೂ "ಏನೂ ಕಾಣಲಿಲ್ಲ" ಎಂದು ಬರೆದಿದ್ದರಿಂದ, "ಸೊಪ್ಪು, ಕಾಳು ಹೆಚ್ಚು ತಿನ್ನಿಸಿ" ಎಂದು ಬರೆದು ಕಳಿಸಿ ನಾನೂ ಕೈತೊಳೆದುಕೊಂಡಿದ್ದೆ.

"ಈ ಮಕ್ಕಳದ್ದೂ ಹೀಗೇ ತಡವಾಗಿ ನೋಡಿದ್ದಾ ಸಾರ್?"

"ಅದನ್ನೆಲ್ಲ ಈಗ ಯಾಕೆ ಕೆದಕ್ತೀಯ? ಮೊದಲು ಬಸುರಿ ಹೆಂಗಸನ್ನ ನೋಡು."

ಮಾತು ಸರಿಯೇ ಇತ್ತು. ಡಬ್ಬಿ ಎಳೆದುಕೊಂಡು ಹೊಸ ಪಟ್ಟಿ ಹಚ್ಚಿದೆ. ಹಾಳೆ ಹೊದಿಸಿ, ಒತ್ತಿ, ಇಪ್ಪತ್ತು ನಿಮಿಷ ಕಾದು, ಕಣ್ಣಿಟ್ಟೆ.

ಅಲ್ಲಿದ್ದವು. ಒಂದಲ್ಲ, ಎರಡಲ್ಲ. ಅಂಡಾಕಾರದ ತೆಳ್ಳಗಿನ ಚಿಪ್ಪು, ಒಳಗೆ ನಾಲ್ಕು ಭಾಗವಾಗಿ ಒಡೆದ ಬೂದು ಬಣ್ಣದ ತಿರುಳು. ಪಟ್ಟಿಯನ್ನು ಅತ್ತ ಸರಿಸಿದರೂ ಇತ್ತ ಸರಿಸಿದರೂ ಅವೇ.

ಈ ಸಾಕ್ಷಿಗೆ ಮುಕ್ಕಾಲು ಗಂಟೆಯ ಆಯುಷ್ಯ. ಹೆರಿಗೆ ವಾರ್ಡಿಗೆ ಫೋನ್ ಮಾಡಿ, "ಡಾಕ್ಟರಮ್ಮ, ಕೈಲಿರೋದನ್ನ ಬಿಟ್ಟು ಓಡಿ ಬನ್ನಿ" ಎಂದೆ.

ಅವರು ಓಡಿಯೇ ಬಂದರು. ನೋಡಿದರು. ಎಣಿಸಿದರು. ಎಣಿಸುವುದನ್ನು ಅರ್ಧಕ್ಕೇ ಬಿಟ್ಟರು.

"ಒಂದು ಹುಳ ದಿನಕ್ಕೆ ಕುಡಿಯೋದು ಹನಿಯಷ್ಟೂ ಇಲ್ಲ," ಎಂದರು. "ಆದ್ರೆ ಇವಳ ಕರುಳಲ್ಲಿ ನೂರಾರು ಇರಬೇಕು. ನಾನು ಮಾತ್ರೆ ಹೆಚ್ಚಿಸ್ತಾ ಹೋದೆ, ಅವು ಕುಡೀತಾ ಹೋದವು. ಹುಳದ ಮಾತ್ರೆ ಈಗಲೇ ಕೊಡ್ತೀನಿ, ಏಳನೇ ತಿಂಗಳಲ್ಲಿ ಕೊಡಬಹುದು. ಆದ್ರೆ ಹನ್ನೊಂದಿರಬೇಕಾದ ರಕ್ತದ ಅಂಶ ಐದಕ್ಕಿಂತ ಕೆಳಗಿದೆ. ಇವತ್ತೇ ಒಂದು ಬಾಟಲಿ ಏರಿಸದಿದ್ರೆ, ಇವತ್ತು ರಾತ್ರಿ ನೋವು ಶುರುವಾದ್ರೆ ತಾಯಿ ಮಗು ಇಬ್ಬರನ್ನೂ ಉಳಿಸ್ತೀನಿ ಅಂತ ನಾನು ಹೇಳಲ್ಲ."

"ಪೊಲೀಸರಿಗೆ ಹುಳದ ವಿಷಯ ಹೇಳಿಬಿಡಿ, ಅತ್ತೆ ಬಚಾವ್."

"ಎಲ್ಲಿ ಬಚಾವ್? ಹುಳಾನ ಅನ್ನದಲ್ಲಿ ಹಾಕಿದ್ದು ಅತ್ತೇನೇ ಅಂತಾನೆ ಅವಳ ಅಣ್ಣ ಮಹಾರಾಯ. ಅದು ಎಲ್ಲಿಂದ ಬಂತು ಅಂತ ಹೇಳಬೇಕು."

ಎಲ್ಲಿಂದ ಬಂತು. ಸರಿ.

ನಾನು ಡಾಕ್ಟರಮ್ಮನನ್ನು ಬಾಗಿಲವರೆಗೆ ಬಿಟ್ಟು ಬರುವಷ್ಟರಲ್ಲಿ ಗಡಿಯಾರ ಸಾರ್ ನನ್ನ ಪಟ್ಟಿಯನ್ನು ಒರೆಸಿ ಬ್ಲೀಚಿಂಗ್ ನೀರಿಗೆ ಹಾಕಿಯಾಗಿತ್ತು.

"ನೋಡಿ ಆಯ್ತಲ್ಲಮ್ಮ. ಗಲೀಜು ಯಾಕೆ ಇಟ್ಕೊಳ್ಳೋದು?"

ಶುಚಿಯ ಮನುಷ್ಯ ಎಂದುಕೊಂಡು ನಾನು ವಾರ್ಡಿಗೆ ನಡೆದೆ.

ಹುಡುಗಿ ಎಡಕ್ಕೆ ತಿರುಗಿ ಮಲಗಿದ್ದಳು. ತುಟಿಗೂ ದಿಂಬಿನ ಬಟ್ಟೆಗೂ ಬಣ್ಣದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಅತ್ತೆ ಕೆಳಗೆ ಕೂತು ಅವಳ ಪಾದ ಒತ್ತುತ್ತಿದ್ದರು. ಮಗ ಹಡಗಿನಲ್ಲಿ ಅಡುಗೆಯವನು, ಬರುವುದಕ್ಕೆ ಇನ್ನೂ ಮೂರು ತಿಂಗಳು. ಮನೆಯಲ್ಲಿ ಇವರಿಬ್ಬರೇ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಈ ಮನೆಯಲ್ಲಿ ಇಬ್ಬರದ್ದೂ ಒಂದೇ ಕಾಲ ನಡೆಯುತ್ತಿತ್ತು, ಅಣ್ಣ ಬಂದು ಕೆಡಿಸುವವರೆಗೆ.

"ಅಕ್ಕಾ, ನಂದೇ ರಕ್ತ ತಗೊಳ್ಳಿ ಅಂತ ನಿನ್ನೆಯಿಂದ ಹೇಳ್ತಾ ಇದ್ದೀನಿ," ಎಂದರು ಅತ್ತೆ. "ನನಗಿನ್ನೂ ನಲವತ್ತೇಳು. ಗುಂಪೂ ಹೊಂದುತ್ತಂತೆ. ಆದ್ರೆ ಆ ಹುಡುಗ, ವಿಷ ಹಾಕಿದವಳ ರಕ್ತ ನನ್ನ ತಂಗಿಗೆ ಬೇಡ ಅಂತ ಕಾಗದಕ್ಕೆ ಸಹಿ ಹಾಕ್ತಾ ಇಲ್ಲ. ಅಣ್ಣ ಹೂಂ ಅನ್ನದೆ ಇವಳೂ ಹೂಂ ಅನ್ನಲ್ಲ."

"ಆ ವಿಷದ ಪೊಟ್ಟಣ ಎಲ್ಲಿ ಸಿಕ್ತು?"

"ಇವಳ ದಿಂಬಿನ ಕೆಳಗೆ. ದೇವರಾಣೆ, ಅದೇನು ಅಂತ ನನಗೆ ಗೊತ್ತಿಲ್ಲ."

ಪೊಲೀಸರು ಒಯ್ದದ್ದು ಅರ್ಧ. ಉಳಿದ ಬಿಳಿ ಪುಡಿ ದಿಂಬಿನ ಹೊಲಿಗೆಯಲ್ಲಿ ಸಿಕ್ಕಿಕೊಂಡಿತ್ತು. ನಾನು ಹುಡುಗಿಯ ಮುಖವನ್ನೇ ನೋಡುತ್ತ ಬೆರಳಲ್ಲಿ ಒತ್ತಿ ನಾಲಿಗೆಯತ್ತ ತಂದೆ. ಅವಳು ಗಾಬರಿಯಾಗಲಿಲ್ಲ. ನಾಚಿಕೊಂಡಳು. ಅಷ್ಟು ಸಾಕಾಗಿತ್ತು, ನಾಲಿಗೆಗೆ ಇಟ್ಟೇ ಬಿಟ್ಟೆ. ಅತ್ತೆ ಕಿಟಾರನೆ ಕಿರುಚಿದರು.

"ಬಳಪ," ಎಂದೆ. "ಬರೆಯೋ ಬಳಪ. ಎಷ್ಟು ದಿನದಿಂದ ತಿಂತಾ ಇದ್ದೀಯಮ್ಮ?"

ಹುಡುಗಿ ಗೋಡೆಯ ಕಡೆ ತಿರುಗಿದಳು. "ಆಸೆ ತಡೆಯೋಕಾಗಲ್ಲ ಅಕ್ಕಾ. ಒದ್ದೆ ಮಣ್ಣಿನ ವಾಸನೆ ಬಂದ್ರೂ ಬಾಯಲ್ಲಿ ನೀರು ಬರುತ್ತೆ. ಯಾರಿಗಾದ್ರೂ ಹೇಳಿದ್ರೆ ಹುಚ್ಚಿ ಅಂತಾರೆ ಅಂತ ಪುಡಿ ಮಾಡಿ ಬಚ್ಚಿಟ್ಟುಕೊಂಡಿದ್ದೆ."

"ಹುಚ್ಚಲ್ಲ. ಮೈಯಲ್ಲಿ ಕಬ್ಬಿಣ ಖಾಲಿಯಾದ್ರೆ ಕೆಲವರಿಗೆ ಹೀಗಾಗುತ್ತೆ. ಮೊದಲೇ ಹೇಳಿದ್ರೆ ನಿಮ್ಮ ಅತ್ತೆಗೆ ಇಷ್ಟು ಮಾತು ಬರ್ತಿತ್ತಾ?"

ಅವಳು ಅತ್ತಳು. ಅತ್ತೆಯೂ ಅತ್ತರು. ನಾನು ಅಳಲಿಲ್ಲ, ಅವಳ ಪಾದ ನೋಡುತ್ತಿದ್ದೆ. ಬೆರಳ ಸಂದಿಯಲ್ಲಿ ಒಣಗಿದ ಗುಳ್ಳೆಗಳ ಕಲೆ, ಸಾಲಾಗಿ.

"ಇದು ಏನು?"

"ನೆಲದ ತುರಿಕೆ. ಸಸಿಮನೆಯಲ್ಲಿ ಕೆಲಸ ಮಾಡೋರಿಗೆಲ್ಲ ಇರುತ್ತೆ," ಎಂದಳು ಹುಡುಗಿ. ನೆಗಡಿಯ ವಿಷಯ ಹೇಳುವಷ್ಟು ಸಲೀಸಾಗಿ.

ನಾನು ಬಸ್ಸು ಹಿಡಿದೆ.

ನರ್ಸರಿಯ ಸಸಿಮನೆಗೆ ಹಸಿರು ಬಲೆಯ ಮಾಡು. ಬಾಗಿಲಲ್ಲಿ ಹನ್ನೆರಡು ಜೊತೆ ಚಪ್ಪಲಿ ಒಪ್ಪವಾಗಿ ಸಾಲುಗಟ್ಟಿದ್ದವು. ಮೇಲೆ ಹಲಗೆ: ಚಪ್ಪಲಿ ಹೊರಗೆ ಬಿಡಿ. ಪಕ್ಕದಲ್ಲಿ ಕಾಲು ತೊಳೆಯುವ ನಲ್ಲಿ. ಒಳಗೆ ಹೆಂಗಸರು ಬರಿಗಾಲಲ್ಲಿ ಒದ್ದೆ ಮಣ್ಣಿನ ಮೇಲೆ ಕೂತು ತಟ್ಟೆಗಳಿಗೆ ಸಸಿ ನೆಡುತ್ತಿದ್ದರು.

"ಚಪ್ಪಲಿ ಬಿಚ್ಚಿ ಬನ್ನಿ ಅಕ್ಕಾ," ಎಂದ ಮೇಸ್ತ್ರಿ. ಒಣಕಲು ಮನುಷ್ಯ, ಸೊಂಟದಲ್ಲಿ ಕತ್ತರಿ, ಮಾತಿನಲ್ಲಿ ಮರ್ಯಾದೆ.

"ಬಿಚ್ಚಲ್ಲ."

"ಬಿಚ್ಚದೆ ಯಾರೂ ಒಳಗೆ ಬರಂಗಿಲ್ಲ. ಮಾಲೀಕರು ಬಂದ್ರೂ ಬಿಚ್ಚಲೇಬೇಕು."

ನಿಯಮವೂ ಉಳಿಯಬೇಕು, ನನ್ನ ಪಾದವೂ ಉಳಿಯಬೇಕು. ಚೀಲದಿಂದ ಎರಡು ಪ್ಲಾಸ್ಟಿಕ್ ಕವರು ತೆಗೆದು, ಚಪ್ಪಲಿ ಸಮೇತ ಕಾಲಿಗೆ ಕಟ್ಟಿಕೊಂಡು ಚರಪರ ಸದ್ದು ಮಾಡುತ್ತ ಒಳಗೆ ಹೋದೆ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ನಗಲಿ. ನಕ್ಕವರ ತುಟಿಗಳನ್ನು ಗಮನಿಸುವುದಕ್ಕೆ ಅನುಕೂಲವಾಯಿತು, ಒಂದಾದರೂ ಕೆಂಪಗಿರಲಿಲ್ಲ.

"ಈ ಬರಿಗಾಲ ನಿಯಮ ಯಾಕೆ ಮೇಸ್ತ್ರಿ?"

"ಮೂರು ವರ್ಷದ ಹಿಂದೆ ಯಾರದೋ ಚಪ್ಪಲಿ ಮಣ್ಣಲ್ಲಿ ಬುಡ ಕೊಳೆಯೋ ರೋಗ ಬಂತು ಅಕ್ಕಾ. ಎರಡೇ ವಾರ. ಒಂದು ಲಕ್ಷ ಸಸಿ ಮಲಗಿಬಿಟ್ಟವು. ಅವತ್ತಿಂದ ಕಾಲು ತೊಳೆದು ಬರಿಗಾಲಲ್ಲೇ ಬರಬೇಕು ಅಂತ ಮಾಡಿದ್ದೀನಿ. ಆಮೇಲೆ ಒಂದು ಸಸಿಗೂ ರೋಗ ಇಲ್ಲ."

ಹೆಮ್ಮೆಯಿಂದ ಹೇಳಿದ. ಅವನ ಹೆಮ್ಮೆಗೆ ಕಾರಣವೂ ಇತ್ತು. ಸಸಿಗಳು ನಿಜಕ್ಕೂ ನಳನಳಿಸುತ್ತಿದ್ದವು. ಸಸಿಗೆ ರೋಗ ಬರಬಾರದೆಂದು ಕಾಯುತ್ತ ಕೂತವನು, ಸಸಿ ನೆಡುವವರ ಕಾಲ ಬುಡಕ್ಕೆ ಏನು ಬಂತೆಂದು ನೋಡಿರಲಿಲ್ಲ. ಅವನೂ ಬರಿಗಾಲಲ್ಲೇ ಇದ್ದ.

"ಈ ಮಣ್ಣಿಗೆ ಏನು ಗೊಬ್ಬರ ಹಾಕ್ತೀರ?"

ಹೆಮ್ಮೆ ಇಳಿಯಿತು. "ಗೊಬ್ಬರ ಅಂದ್ರೆ ಗೊಬ್ಬರ."

ಹಿಂದಿನ ಗೇಟಿನ ಬಳಿ ಗುಂಡಿಯಿತ್ತು. ಹತ್ತಿರ ಹೋಗುವ ಮೊದಲೇ ನನಗೆ ಅರ್ಥವಾಯಿತು. ಇಪ್ಪತ್ತೆರಡು ವರ್ಷ ಗಡಿಯಾರ ಸಾರ್ ಕೋಣೆಯ ಪಕ್ಕದಲ್ಲಿ ಕೂತವಳಿಗೆ ಯಾವ ವಾಸನೆ ಯಾವುದೆಂದು ಯಾರೂ ಹೇಳಬೇಕಿಲ್ಲ. ಕಕ್ಕಸು ಗುಂಡಿಗಳಿಂದ ಎತ್ತಿದ್ದನ್ನು ಮಾಗುವುದಕ್ಕೂ ಬಿಡದೆ ಹಸಿಯಾಗಿಯೇ ತಂದು ಸುರಿದಿದ್ದರು. ಅಂಚಿನಲ್ಲಿ ದೊಡ್ಡ ಗಾಡಿಯ ಚಕ್ರದ ಗುರುತು. ಗಾಡಿಯಿಂದ ಗುಂಡಿಯವರೆಗೆ ಅಗಲವಾದ ಬರಿಪಾದದ ಹೆಜ್ಜೆಗಳು.

"ಮಣ್ಣಲ್ಲಿ ಮೊಟ್ಟೆ ಒಡೆದು ಮರಿ ಆಗ್ತವೆ ಮೇಸ್ತ್ರಿ. ಕಣ್ಣಿಗೆ ಕಾಣಲ್ಲ. ಬರಿಗಾಲು ಸಿಕ್ಕಿದ್ರೆ ಬೆರಳ ಸಂದಿಯಿಂದ ಒಳಗೆ ನುಗ್ತವೆ. ಅದೇ ನಿಮ್ಮ ನೆಲದ ತುರಿಕೆ. ಅಲ್ಲಿಂದ ಕರುಳಿಗೆ ಹೋಗಿ ಕೂತು ರಕ್ತ ಹೀರ್ತವೆ. ನಿಮ್ಮ ಕಸಿ ಹುಡುಗಿ ಸಾಯೋ ಹಾಗೆ ಮಲಗಿದ್ದಾಳೆ."

ಮೇಸ್ತ್ರಿ ಅಲ್ಲೇ ಕಟ್ಟೆಯ ಮೇಲೆ ಕುಸಿದ. "ಅಯ್ಯೋ. ನಾನೇ ಬಿಚ್ಚಿಸಿದೆನಲ್ಲ ಚಪ್ಪಲಿ."

"ಅತ್ತು ಪ್ರಯೋಜನ ಇಲ್ಲ. ನಾಳೆಯಿಂದ ಒಳಗಡೆಯೇ ಇಡೋಕೆ ಎಲ್ಲರಿಗೂ ರಬ್ಬರ್ ಬೂಟು ತರಿಸಿ, ಹೊರಗೆ ಹಾಕ್ಕೊಂಡು ಹೋಗೋದು ಬೇಡ. ಸಸಿಯೂ ಉಳಿಯುತ್ತೆ, ಜನವೂ ಉಳೀತಾರೆ. ಇವರೆಲ್ಲರನ್ನೂ ನಾಳೆ ಆಸ್ಪತ್ರೆಗೆ ಕಳಿಸಿ. ಈಗ ಹೇಳಿ, ಇದನ್ನ ಸುರಿಯೋದು ಯಾರು?"

"ಪುಕ್ಕಟೆ ತಂದು ಹಾಕ್ತಾನೆ. ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ ಅಕ್ಕಾ. ಅದೊಂದು ಕೇಳಬೇಡಿ."

"ಅವನೂ ಬರಿಗಾಲಲ್ಲೇ ಇಳೀತಾನಾ?"

"ಬೂಟು ಹಾಕಿದ್ರೆ ಕೆಸರಲ್ಲಿ ಹೂತುಹೋಗುತ್ತೆ ಅಂತಾನೆ."

ಅಷ್ಟು ಸಾಕಾಗಿತ್ತು. ಹೆಸರು ಬೇಡ. ಹೆಸರನ್ನು ಬಚ್ಚಿಡಬಹುದು, ರಕ್ತವನ್ನು ಬಚ್ಚಿಡಲಾಗುವುದಿಲ್ಲ. ಅವನು ಯಾರೇ ಆಗಲಿ, ಇವತ್ತಲ್ಲ ನಾಳೆ ಬೆರಳು ಚುಚ್ಚಿಸಿಕೊಳ್ಳಲು ನನ್ನ ಮೇಜಿಗೆ ಬರಲೇಬೇಕು.

ನಾಳೆಯವರೆಗೆ ಕಾಯಬೇಕಾಗಲಿಲ್ಲ. ಮೂರೂಕಾಲಿಗೆ ನಾನು ಕೋಣೆಗೆ ಮರಳಿದಾಗ ಹುಡುಗಿಯ ಅಣ್ಣ ಬೆಂಚಿನ ಮೇಲೆ ಕೂತಿದ್ದ.

ದೊಡ್ಡ ಆಳು. ಮೀಸೆ, ತೋಳು, ಗಂಟಲು ಎಲ್ಲವೂ ದೊಡ್ಡವೇ. ತೋಳು ಮಡಚಿಯೇ ಬಂದಿದ್ದ.

"ನನ್ನ ತಂಗಿಗೆ ನನ್ನ ರಕ್ತ. ಎರಡು ಬಾಟಲಿ ತಗೊಳ್ಳಿ. ಆ ಮುದುಕಿದು ಒಂದು ಹನೀನೂ ಬೇಡ."

"ಒಂದೇ ತಗೊಳ್ಳೋದು. ಮೊದಲು ಬೆರಳು ಕೊಡಿ. ಏನು ಕೆಲಸ ನಿಮ್ಮದು?"

"ಟ್ಯಾಂಕರ್ ಓಡಿಸ್ತೀನಿ. ನೀರಿನ ಟ್ಯಾಂಕರ್."

ಚುಚ್ಚಿದೆ. ರಕ್ತ ಕೊಡಲು ಬಂದವರಿಗೆ ನಾವು ಮಾಡುವ ಪರೀಕ್ಷೆ ಸರಳ. ಗಾಜಿನ ಲೋಟದಲ್ಲಿ ಅಳೆದು ಕಲಸಿದ ಮೈಲುತುತ್ತದ ನೀಲಿ ನೀರು. ಅದರೊಳಗೆ ಒಂದು ಹನಿ ಬಿಡಬೇಕು. ಗಟ್ಟಿ ರಕ್ತವಾದರೆ ಕಲ್ಲಿನ ಹಾಗೆ ಮುಳುಗುತ್ತದೆ. ಕಬ್ಬಿಣ ಸಾಲದ ರಕ್ತವಾದರೆ ತೇಲುತ್ತದೆ.

ಹನಿ ಬಿಟ್ಟೆ. ಅದು ಸ್ವಲ್ಪ ಇಳಿದ ಹಾಗೆ ಮಾಡಿ, ನಿಂತು, ಮೆಲ್ಲಗೆ ಮೇಲೆ ಬಂದು ತೇಲಿತು.

ಇಬ್ಬರೂ ಅದನ್ನೇ ನೋಡಿದೆವು.

"ನಿಮ್ಮ ನೀರು ಸರಿ ಇಲ್ಲ," ಎಂದ. "ಇನ್ನೊಂದು ಸಲ ಹಾಕಿ."

ಇನ್ನೊಂದು ಸಲ ಹಾಕಿದೆ. ಅದೂ ತೇಲಿತು. ನನ್ನ ಬೆರಳು ಚುಚ್ಚಿಕೊಂಡು ನನ್ನದೊಂದು ಹನಿ ಬಿಟ್ಟೆ. ಸೀದಾ ತಳಕ್ಕೆ ಹೋಗಿ ಕೂತಿತು.

"ನೀರು ಸರಿ ಇದೆ. ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ?"

"ವಯಸ್ಸಾಗ್ತಾ ಬಂದ್ರೆ ಯಾರಿಗೆ ಬರಲ್ಲ?"

"ಮೂವತ್ತೆರಡಕ್ಕಾ? ನಿಮ್ಮನೆಯಲ್ಲಿ ಅಡುಗೆ ಮಾಡೋದು ಯಾರು?"

"ನನ್ನ ಹೆಂಡತಿ."

"ನೀವು ತಂಗಿಯ ಅತ್ತೆ ಮನೆಯಲ್ಲಿ ಊಟ ಮಾಡಿದ್ದುಂಟಾ?"

"ಮದುವೆ ದಿನ ಬಿಟ್ಟರೆ ಆ ಮನೆ ನೀರೂ ಮುಟ್ಟಿಲ್ಲ."

"ಹಾಗಾದ್ರೆ ನಿಮಗೆ ವಿಷ ಹಾಕಿದವರು ಯಾರಪ್ಪ? ನಿಮ್ಮ ತಂಗಿಗೆ ಏನಾಗಿದೆಯೋ ನಿಮಗೂ ಅದೇ ಆಗ್ತಾ ಇದೆ."

ಅವನು ತೇಲುತ್ತಿದ್ದ ಹನಿಯತ್ತ ಮತ್ತೆ ಬಗ್ಗಿ ನೋಡಿದ.

"ಚಪ್ಪಲಿ ಬಿಚ್ಚಿ."

ಎರಡೂ ಪಾದ ಸರಕ್ಕನೆ ಬೆಂಚಿನ ಕೆಳಗೆ ಹೋದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಇವನು ಕಾಲು ಎಳೆದುಕೊಂಡ.

"ನಾನು ಈಗ ನರ್ಸರಿಯಿಂದ ಬಂದೆ," ಎಂದೆ. "ಗುಂಡಿ ನೋಡಿದೆ. ಚಕ್ರದ ಗುರುತು ನೋಡಿದೆ. ನೀರಿನ ಟ್ಯಾಂಕರ್ ಅಲ್ಲ ಅದು. ನೀವೇ ಹೇಳ್ತೀರೋ, ಮೇಸ್ತ್ರಿನ ಕರೆಸಲೋ?"

ಅಷ್ಟು ದೊಡ್ಡ ಗಂಟಲು ಎಲ್ಲಿ ಹೋಯಿತೋ. ತುಂಬ ಸಣ್ಣ ದನಿಯಲ್ಲಿ ಹೇಳಿದ.

"ಕಕ್ಕಸು ಗುಂಡಿ ಖಾಲಿ ಮಾಡೋ ಗಾಡಿ ಅಕ್ಕಾ. ತಂಗಿ ಗಂಡನ ಮನೆಯಲ್ಲಿ ಗೊತ್ತಾದ್ರೆ ಅವಳಿಗೆ ಅವಮಾನ ಅಂತ ನೀರಿನದು ಅಂತ ಹೇಳಿದ್ದೆ."

"ನರ್ಸರಿಗೇ ಯಾಕೆ ಸುರಿದ್ರಿ?"

"ಅವಳು ಕಲ್ಲು ಹೊರ್ತಾ ಇದ್ದಳು. ಬಿಸಿಲಲ್ಲಿ. ನೆರಳಲ್ಲಿ ಕೂತು ಮಾಡೋ ಕೆಲಸ ಕೊಡ್ಸಿ ಅಂತ ಮೇಸ್ತ್ರಿ ಕಾಲು ಹಿಡಿದೆ. ವಾರಕ್ಕೆರಡು ಗಾಡಿ ಪುಕ್ಕಟೆ ಸುರೀತೀನಿ, ನನ್ನ ತಂಗಿಗೆ ನೆರಳಲ್ಲಿ ಜಾಗ ಕೊಡಿ, ಯಾರಿಗೂ ಹೇಳಬೇಡಿ ಅಂದೆ. ಅವನು ಕೊಟ್ಟ." ಮುಂದೆ ಅವನೇ ಕೇಳಿದ, ಉತ್ತರ ಗೊತ್ತಿದ್ದವನ ಹಾಗೆ. "ಯಾಕೆ ಅಕ್ಕಾ? ಗುಂಡೀಲಿ ಏನಿದೆ?"

ಹೇಳಿದೆ. ಮೊಟ್ಟೆ, ಮರಿ, ಬರಿಗಾಲು, ಕರುಳು. ಒಂದನ್ನೂ ಬಿಡಲಿಲ್ಲ, ಸಿಹಿ ಸವರಲೂ ಇಲ್ಲ. ಕೇಳುತ್ತ ಕೇಳುತ್ತ ಅವನು ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ. ಬೆಳಿಗ್ಗೆಯಿಂದ ಈ ಮನುಷ್ಯನನ್ನು ನಾಲ್ಕು ಮಾತು ಬೈಯಬೇಕೆಂದು ಕಾದಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ತಂಗಿಗೆ ನೆರಳು ಹುಡುಕಿದವನನ್ನು ಏನೆಂದು ಬೈಯುವುದು?

"ಎದ್ದೇಳಿ," ಎಂದೆ. "ಅಳೋಕೆ ಆಮೇಲೆ ಟೈಮಿದೆ. ನಿಮ್ಮ ರಕ್ತ ನಡೆಯಲ್ಲ. ಅತ್ತೆಯದು ನಡೆಯುತ್ತೆ."

ಅವನು ಮೂಗು ಒರೆಸಿಕೊಂಡು ಒಪ್ಪಿಗೆ ಕಾಗದ ಎಳೆದುಕೊಂಡ. ಸಹಿ ಹಾಕಿದ. "ಅವರದ್ದೇ ತಗೊಳ್ಳಿ. ಪೊಲೀಸರು ಬಂದ್ರೆ ದೂರು ವಾಪಸ್ ಅಂತ ನಾನೇ ಹೇಳ್ತೀನಿ. ಅತ್ತೆ ಕಾಲಿಗೂ ಬೀಳ್ತೀನಿ."

ಬಾಗಿಲವರೆಗೆ ಹೋದವನು ತಿರುಗಿದ.

"ಆದ್ರೆ ನಾನು ಕುರುಡಾಗಿ ಸುರಿದವನಲ್ಲ ಅಕ್ಕಾ. ಪರೀಕ್ಷೆ ಮಾಡಿಸಿದ ಮಾಲು ಅಂತ ನಮ್ಮ ಗಾಡಿ ಮಾಲೀಕರು ಕಾಗದ ಕೊಟ್ಟಿದ್ದಾರೆ. ಶಾಲೆಯವರು ಕೇಳಿದಾಗಲೂ ಇದನ್ನೇ ತೋರಿಸಿದ್ದು."

"ಯಾವ ಶಾಲೆ?"

"ಹೊಸ ಮೈದಾನ ಮಾಡಿದ್ರಲ್ಲ. ತಗ್ಗು ತುಂಬಿಸಿ, ಮೇಲೆ ಹುಲ್ಲು ಹಾಕೋಕೆ ಅಂತ. ನಲವತ್ತು ಗಾಡಿ ಸುರಿದೆ."

ಅರವತ್ತು ಮಕ್ಕಳು. ಕೆಂಪು ದಾರದ ಕಟ್ಟು. ಸೊಪ್ಪು ತಿನ್ನಿಸಿ ಎಂದು ಬರೆದ ನನ್ನ ಕೈ.

ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ನನ್ನ ಮೇಜಿನ ಮೇಲಿಟ್ಟು ಅವನು ವಾರ್ಡಿನ ಕಡೆ ಓಡಿದ. ನಾನು ಬಿಡಿಸಿದೆ. ನಮ್ಮ ಆಸ್ಪತ್ರೆಯದೇ ಹಾಳೆ.

ಗೊಬ್ಬರ ಪರೀಕ್ಷಿಸಲಾಗಿದೆ. ಹುಳು, ಮೊಟ್ಟೆ ಏನೂ ಕಾಣಲಿಲ್ಲ.

ಸಹಿ ಓದುವ ಅಗತ್ಯ ಬೀಳಲಿಲ್ಲ. ಅದರ ಪಕ್ಕದಲ್ಲಿ ಗಂಟೆ ಮತ್ತು ನಿಮಿಷ ಇತ್ತು.

ನಿಮಿಷ ತಪ್ಪದ ಮನುಷ್ಯ ಮೂರು ಗಂಟೆ ಹೇಗೆ ಮರೆತ? ಬೆಳಿಗ್ಗೆ ಕೇಳಬೇಕಿದ್ದ ಪ್ರಶ್ನೆ ಅದು. ಮರೆತದ್ದಲ್ಲ, ಗಾಡಿ ಮಾಲೀಕರಿಗೆ ಕೊಟ್ಟ ಸುಳ್ಳು ಕಾಗದ ಬಯಲಾಗದಿರಲೆಂದು ಮೊಟ್ಟೆ ಕರಗುವವರೆಗೆ ಕಾದದ್ದು. ನಾನು ಪಾಪ ಅಂದುಕೊಂಡು ಕೂತೆ. ಅಷ್ಟರಲ್ಲಿ ಅವರು ನನ್ನ ಪಟ್ಟಿ ಒರೆಸಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿಗೆ ನಾನು ಇಪ್ಪತ್ತೆರಡು ವರ್ಷ ಕೈಮುಗಿದಿದ್ದೆ. ನನಗೆ ದುಃಖವಾಯಿತು. ಆದರೂ ಎದ್ದೆ. ಆ ಕೆಂಪು ದಾರದ ಕಟ್ಟು ಮೊದಲು ನನ್ನ ಕೈಗೆ ಬರಬೇಕು, ಆಮೇಲೆ ಈ ಕಾಗದ ಪೊಲೀಸರ ಕೈಗೆ ಹೋಗಬೇಕು.

ಬಾಗಿಲು ನಾನು ತೆರೆಯುವ ಮೊದಲೇ ತೆರೆಯಿತು.

ಗಡಿಯಾರ ಸಾರ್ ನಿಂತಿದ್ದರು. ಕಂಕುಳಲ್ಲಿ ಕೆಂಪು ದಾರದ ಕಟ್ಟು ಇತ್ತು. ಅವರ ಕಣ್ಣು ನನ್ನ ಕೈಯಲ್ಲಿದ್ದ ಕಾಗದಕ್ಕೆ ಹೋಯಿತು, ಅಲ್ಲಿಂದ ನೀಲಿ ನೀರಿನಲ್ಲಿ ಇನ್ನೂ ತೇಲುತ್ತಿದ್ದ ಹನಿಗೆ, ಅಲ್ಲಿಂದ ಗೋಡೆಗೆ.

"ಪೊಲೀಸರು ಬರೋದು ನಾಲ್ಕಕ್ಕೆ, ಇನ್ನೂ ಎಂಟು ನಿಮಿಷ ಇದೆ ಕಣಮ್ಮ," ಎಂದು ಹೇಳಿ, ಒಳಗೆ ಬಂದು, ಬಾಗಿಲ ಚಿಲಕ ಹಾಕಿದರು.